ಕೊಪ್ಪರಿಗೆಯಲ್ಲಿ ಪಿನಾಕಿನಿಗೆ

ನಾನು ಯಲಹಂಕದ ಮಿಡ್ಲ್ ಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರಾಗಿದ್ದ ಕಾಲ. ಪ್ರಪಂಚದ ಯಾವ ನದಿ ಎಲ್ಲಿ ಹುಟ್ಟುತ್ತದೆ, ಯಾವ ಸಮುದ್ರ ಸೇರುತ್ತದೆ ಎಂಬುದನ್ನು ಗೋಡೆಯ ನಕ್ಷೆಯ ಮೇಲೆ ಬೆತ್ತದ ತುದಿಯಿಂದ ತೋರಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ನೈಲ್ ನದಿಯನ್ನು ಬುಡದಿಂದ ತುದಿಯವರೆಗೆ ಎರಡೇ ನಿಮಿಷದಲ್ಲಿ ಮುಗಿಸಿಬಿಡುತ್ತಿದ್ದೆ. ಸ್ವತಃ ನಾನು ಕೈ ಅದ್ದಿದ ಅತ್ಯಂತ ಆಳವಾದ ನೀರೆಂದರೆ ನಮ್ಮ ಬಚ್ಚಲಿನ ಹಂಡೆಯದು. ಆದರೆ ಈ ಸಣ್ಣ ವಿಷಯ ಆಗ ಯಾರಿಗೂ ಮುಖ್ಯವೆಂದು ತೋರಲಿಲ್ಲ. ನನಗಂತೂ ತೋರಲೇ ಇಲ್ಲ!

ಆ ವರ್ಷ ಮಳೆ ಚೆನ್ನಾಗಿ ಹಿಡಿದು ಯಲಹಂಕದ ಕೆರೆ ಕೋಡಿ ಬಿತ್ತು. ಊರಿನ ಹೆಂಗಸರು ಅರಿಸಿನ ಕುಂಕುಮ ಹಾಕಿ ಗಂಗಮ್ಮನಿಗೆ ಪೂಜೆ ಮಾಡಿದರು. ನಾವು ಮೂವರು ಗೆಳೆಯರು ಕೋಡಿಯ ಕಲ್ಲುಗಳ ಮೇಲೆ ನಿಂತು ಹರಿಯುವ ನೀರನ್ನು ನೋಡುತ್ತಿದ್ದೆವು. ಒಬ್ಬ ಶಾಮಣ್ಣ, ರೈಲ್ವೆ ಸ್ಟೇಷನ್ನಿನ ಟಿಕೆಟ್ ಗುಮಾಸ್ತ. ಇನ್ನೊಬ್ಬರು ರಹಮತ್ ಸಾಬರು, ಬಜಾರಿನಲ್ಲಿ ಸೈಕಲ್ ಅಂಗಡಿ ಇಟ್ಟವರು. ಮೂರನೆಯವನೇ ಅನಾಹುತದ ಮೂಲಪುರುಷನಾದ ನಾನು.

"ಮೇಷ್ಟ್ರೇ, ಈ ನೀರು ಹೋಗೋದೆಲ್ಲಿಗೆ?" ಎಂದರು ರಹಮತ್ ಸಾಬರು.

ಭೂಗೋಳದ ಮೇಷ್ಟ್ರನ್ನು ಇಂಥ ಪ್ರಶ್ನೆ ಕೇಳಬಾರದು. "ಇಲ್ಲಿಂದ ಜಕ್ಕೂರು ಕೆರೆಗೆ. ಅಲ್ಲಿಂದ ರಾಚೇನಹಳ್ಳಿ ಕೆರೆಗೆ. ಹೀಗೇ ಕೆರೆಯಿಂದ ಕೆರೆಗೆ ಹೋಗಿ ಕೊನೆಗೆ ದಕ್ಷಿಣ ಪಿನಾಕಿನಿ. ಅಲ್ಲಿಂದ ಬಂಗಾಳ ಕೊಲ್ಲಿ!" ಎಂದೆ, ಎಲ್ಲವನ್ನೂ ನಾನೇ ಅಗೆಸಿದವನಂತೆ.

"ಹಾಗಾದ್ರೆ ದೋಣೀಲಿ ಸುಮ್ನೆ ಕೂತ್ರೆ ಸಾಕು ಕಣಯ್ಯ, ನೀರೇ ಕರ್ಕೊಂಡ್ ಹೋಗುತ್ತೆ. ಟಿಕೆಟ್ಟೂ ಬೇಡ!" ಎಂದ ಶಾಮಣ್ಣ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಂಗಾಳ ಕೊಲ್ಲಿಗೆ ರಜ ಸಾಲದು. ಆದ್ದರಿಂದ ದೀಪಾವಳಿಯ ರಜದಲ್ಲಿ ಶುಕ್ರ, ಶನಿ, ಭಾನು ಮೂರು ದಿನ ಜಲಯಾನ ಮಾಡಿ ಪಿನಾಕಿನಿ ಸೇರುವುದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಹಿಂದಿರುಗುವುದು ಎಂದು ಸರ್ವಾನುಮತದಿಂದ ನಿರ್ಣಯವಾಯಿತು. ಶಾಮಣ್ಣ ಅಂದೇ ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿ ವೇಳಾಪಟ್ಟಿ ಬರೆದ. 'ಯಲಹಂಕ ಕೆರೆ: ಬಿಡುವುದು 7-10. ಜಕ್ಕೂರು ಕೆರೆ: ಸೇರುವುದು 9-40. ಕಾಫಿಗಾಗಿ ಹತ್ತು ನಿಮಿಷ ನಿಲುಗಡೆ.'

ಎಲ್ಲವೂ ಸಿದ್ಧ. ದೋಣಿ ಒಂದಿರಲಿಲ್ಲ.

ನಮ್ಮ ಸೀಮೆಯಲ್ಲಿ ನದಿಯಿಲ್ಲ, ನದಿಯಿಲ್ಲದ ಕಡೆ ದೋಣಿ ಯಾರು ಕಟ್ಟುತ್ತಾರೆ? ಆದರೆ ಆಲೆಮನೆಯ ಕೊಪ್ಪರಿಗೆಗಳಿವೆ. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಅಗಲವಾದ ಕಬ್ಬಿಣದ ಪಾತ್ರೆ ಅದು. ಹಿಂದೆ ಕೆರೆ ತುಂಬಿದಾಗ ಜನ ಅದರಲ್ಲೇ ಕುಳಿತು ಆಚೆ ದಡ ಸೇರುತ್ತಿದ್ದರೆಂದು ಕೇಳಿದ್ದೆ. ಅಂಥದ್ದೊಂದು ಕೊಡಿಗೇಹಳ್ಳಿಯಲ್ಲಿ ನನ್ನ ಮಾವ ದೊಡ್ಡಮುನಿಯಪ್ಪನವರ ಬಳಿ ಇತ್ತು. ಆರಡಿ ಅಗಲ, ಮೊಣಕಾಲೆತ್ತರ, ಬಹಳ ವರ್ಷ ಬೆಂಕಿ ತಿಂದು ತಗಡು ತೆಳ್ಳಗಾದದ್ದು.

ಇಲ್ಲಿ ನನ್ನ ಸಂಸಾರದ ಒಂದು ನೋವನ್ನು ಹೇಳಿಕೊಳ್ಳಬೇಕು. ಮದುವೆಯಾಗಿ ಹನ್ನೊಂದು ವರ್ಷವಾದರೂ ಮಾವ ನನ್ನನ್ನು ಒಮ್ಮೆಯೂ 'ಅಳಿಯಂದ್ರು' ಎಂದು ಕರೆದಿರಲಿಲ್ಲ. ನನ್ನ ಹೆಂಡತಿ ಜಯಮ್ಮನ ಅಕ್ಕನ ಗಂಡ ಹೊಲ ಉಳುವವನು, ಅವನು ಅಳಿಯಂದ್ರು. ನಾನು ಮೇಷ್ಟ್ರು. ಹಬ್ಬಕ್ಕೆ ನಾವಿಬ್ಬರೂ ಹೋದರೆ, "ಅಳಿಯಂದ್ರೂ ಬಂದವ್ರೆ, ಮೇಷ್ಟ್ರೂ ಬಂದವ್ರೆ" ಎಂದು ಒಳಗೆ ಕೂಗಿ ಹೇಳುತ್ತಿದ್ದರು. ಜಯಮ್ಮನಿಗೆ ಇದು ಬಹಳ ಚುಚ್ಚುತ್ತಿತ್ತು. ನನಗೂ ಚುಚ್ಚುತ್ತಿತ್ತು, ನಾನು ತೋರಿಸಿಕೊಳ್ಳುತ್ತಿರಲಿಲ್ಲ ಅಷ್ಟೆ. ಮಣ್ಣು ಮುಟ್ಟದ ಮನುಷ್ಯನ ಕೈಗೆ ಮಾವ ಅಲ್ಲಿಯವರೆಗೆ ಒಂದು ಕುಡುಗೋಲನ್ನೂ ಕೊಟ್ಟಿರಲಿಲ್ಲ. ಅಂಥವರ ಹತ್ತಿರ ಕೊಪ್ಪರಿಗೆ ಕೇಳಲು ಹೋದೆ!

"ಕೊಪ್ಪರಿಗೆ ಯಾಕೆ ಮೇಷ್ಟ್ರೇ?"

ಪಿನಾಕಿನಿಗೆ ಹೋಗಲು ಎಂದು ಹೇಳುವ ಧೈರ್ಯವಾಗಲಿಲ್ಲ. "ಸ್ಕೂಲಿನ ಮಕ್ಕಳಿಗೆ ಪಾಯಸ ಮಾಡಿಸಬೇಕು ಮಾವ, ಮೂರೇ ದಿನ" ಎಂದೆ.

"ಈಗ ಅಬ್ಬದ ರಜ ಅಲ್ವಾ? ರಜಾದಾಗೆ ಮಕ್ಕಳು ಬತ್ತಾರಾ?"

"ಸ್ಪೆಷಲ್ ಕ್ಲಾಸ್ ಇದೆ."

ಮಾವ ನನ್ನ ಮುಖ ನೋಡಿದರು. ಆಮೇಲೆ, "ಮೂರು ದಿನ ಅಂದ್ರೆ ಮೂರೇ ದಿನ. ಸೋಮವಾರ ಬೆಳಿಗ್ಗೆ ಗಾಣ ಕಟ್ತೀವಿ, ಪೂಜೆ ಇಟ್ಕಂಡಿವ್ನಿ, ಊರೆಲ್ಲ ಬತ್ತದೆ. ಅವತ್ತು ಕೊಪ್ಪರಿಗೆ ಒಲೆ ಮ್ಯಾಲಿರ್ಬೇಕು" ಎಂದು ಗಾಡಿಗೆ ಏರಿಸಿಕೊಟ್ಟರು. ಹನ್ನೊಂದು ವರ್ಷದಲ್ಲಿ ಮಾವ ನನ್ನನ್ನು ನಂಬಿದ್ದು ಅದೇ ಮೊದಲು. ನಂಬಿದ್ದು ಸುಳ್ಳೊಂದನ್ನು ಎಂಬ ಸಂಕಟ ಗಾಡಿಯ ಜೊತೆಗೇ ಮನೆಯವರೆಗೂ ಬಂತು.

ಜಯಮ್ಮನಿಗೆ ನಿಜ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

"ನಿಮಗೆ ಈಜು ಬರುತ್ತಾ?"

"ದೋಣಿಯಲ್ಲಿ ಹೋಗುವವರು ಈಜುವುದಿಲ್ಲ ಕಣೇ."

"ಸರಿ ಹೋಗ್ಬನ್ನಿ. ಅಪ್ಪನ ಕೊಪ್ಪರಿಗೆಗೆ ಏನಾದ್ರೂ ಆಯ್ತೋ, ನಾನು ತವರಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ? ಅದೊಂದು ಜ್ಞಾಪಕ ಇಟ್ಕೊಳ್ಳಿ." ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಕೆರೆಯ ದಡದಲ್ಲಿ ಅರ್ಧ ಊರು ನೆರೆದಿತ್ತು. ಶಾಲೆಯ ಒಡೆದ ಕಪ್ಪು ಹಲಗೆಯನ್ನು ಸೀಳಿ, ಬಿದಿರಿಗೆ ಮೊಳೆ ಹೊಡೆದು ಮೂರು ಹುಟ್ಟು ಮಾಡಿದ್ದೆವು. ನನ್ನ ಹುಟ್ಟಿನ ಮೇಲೆ ಯಾವುದೋ ಪಾಠದ 'ಗೋಧಿ, ಮುಸುಕಿನ ಜೋಳ' ಎಂಬ ಅಕ್ಷರಗಳು ಇನ್ನೂ ಅಳಿಸಿರಲಿಲ್ಲ. ರಹಮತ್ ಸಾಬರು ಪಂಚರ್ ಹಾಕುವ ಡಬ್ಬಿ ತಂದಿದ್ದರು. ಶಾಮಣ್ಣ ಸ್ಟೇಷನ್ನಿನ ಹಳೆಯ ಕೆಂಪು ಬಾವುಟ ಒಂದು, ಹಸಿರು ಬಾವುಟ ಒಂದು ತಂದಿದ್ದ. ನಾನು ಪುಟ್ಟ ಭಾಷಣ ಮಾಡಿದೆ. ಶಾಮಣ್ಣ ಹಸಿರು ಬಾವುಟ ಬೀಸಿದ. ಸರಿಯಾಗಿ 7-10ಕ್ಕೆ ಹೊರಟೆವು.

ಹೊರಟೆವು, ಆದರೆ ಮುಂದಕ್ಕಲ್ಲ!

ದುಂಡನೆಯ ಪಾತ್ರೆಗೆ ಮುಂದು ಯಾವುದು, ಹಿಂದು ಯಾವುದು? ಮೂವರು ಮೂರು ಕಡೆ ಕುಳಿತು ಹುಟ್ಟು ಹಾಕಿದ ಕೂಡಲೇ ಕೊಪ್ಪರಿಗೆ ನಿಂತಲ್ಲೇ ತಿರುಗತೊಡಗಿತು. ಬಲವಾಗಿ ಹಾಕಿದರೆ ಬಲವಾಗಿ ತಿರುಗಿತು. ಭೂಮಿಗೆ ಎರಡು ಚಲನೆಗಳಿವೆ, ತನ್ನ ಸುತ್ತ ತಿರುಗುವುದು ಒಂದು, ಸೂರ್ಯನ ಸುತ್ತ ಹೋಗುವುದು ಇನ್ನೊಂದು ಎಂದು ಎಷ್ಟೋ ವರ್ಷ ಪಾಠ ಮಾಡಿದವನು ನಾನು. ನಮಗೆ ಒದಗಿದ್ದು ಮೊದಲನೆಯದು ಮಾತ್ರ.

"ಸ್ವಾಮೀ, ತಿರುಗ್ತಾ ಐತೆ!" ಎಂದು ದಡದಿಂದ ಅಗಸನೊಬ್ಬ ಕೂಗಿದ.

"ಗೊತ್ತಪ್ಪಾ!" ಎಂದು ಕೂಗಿದೆ. 'ಗೊತ್ತು' ಎನ್ನುವಾಗ ಅವನಿಗೆ ಮುಖ ಮಾಡಿದ್ದೆ, 'ಅಪ್ಪಾ' ಎನ್ನುವಷ್ಟರಲ್ಲಿ ಬೆನ್ನಾಗಿತ್ತು.

ಸಂಜೆಯ ಹೊತ್ತಿಗೆ ರಹಮತ್ ಸಾಬರು ಕಣ್ಣು ಮುಚ್ಚಿ ಅಲ್ಲಾನ ಹೆಸರು ಹೇಳುತ್ತಿದ್ದರು. ಶಾಮಣ್ಣ ವೇಳಾಪಟ್ಟಿಯನ್ನು ಮಡಿಚಿ ಜೇಬಿಗಿಟ್ಟಿದ್ದ. ಹೊರಟ ದಡದಿಂದ ನಾವು ಇಪ್ಪತ್ತು ಮಾರು ದೂರದಲ್ಲಿದ್ದೆವು. ಕಾಡಿನಲ್ಲಿ ಬಿಡಾರ ಹೂಡಬೇಕೆಂದಿದ್ದವರು ಅವರವರ ಮನೆಗೆ ಹೋಗಿ ಊಟ ಮಾಡಿದೆವು.

"ಪಿನಾಕಿನಿ ಬಂತೇನ್ರೀ?" ಎಂದಳು ಜಯಮ್ಮ, ಸಾರು ಬಡಿಸುತ್ತಾ.

"ಇವತ್ತು ಬರೀ ಪರಿಶೀಲನೆ."

"ಹೌದೌದು. ಕೆರೆ ಕಡೆ ಹೋದಾಗೆಲ್ಲ ನೋಡ್ದೆ. ಒಂದ್ಸಲ ಮುಖ ಪರಿಶೀಲನೆ, ಒಂದ್ಸಲ ಬೆನ್ನು ಪರಿಶೀಲನೆ."

ನಾನು ಗಂಭೀರವಾಗಿ ಮಾತು ಬದಲಾಯಿಸಿದೆ. ಗೂಟದಲ್ಲಿ ನಮ್ಮ ಹಿತ್ತಾಳೆಯ ಟಿಫನ್ ಕ್ಯಾರಿಯರ್ ಇರಲಿಲ್ಲ. "ಕ್ಯಾರಿಯರ್ ಎಲ್ಲಿ? ನಾಳೆ ಬುತ್ತಿಗೆ ಬೇಕಿತ್ತು" ಎಂದೆ. "ಬೇಕಾದೋರು ತಗೊಂಡೋಗಿದಾರೆ. ನಿಮಗೆ ಬಟ್ಟೇಲಿ ಕಟ್ಟಿಕೊಡ್ತೀನಿ" ಎಂದಳು.

ಶನಿವಾರ ನಮಗೆ ಜ್ಞಾನೋದಯವಾಯಿತು. ಒಬ್ಬನೇ ಮುಂದೆ ಕುಳಿತು ನೀರನ್ನು ತನ್ನ ಕಡೆಗೆ ಎಳೆದುಕೊಂಡರೆ ಕೊಪ್ಪರಿಗೆ ಮುಂದಕ್ಕೆ ಹೋಗುತ್ತದೆ! ರಹಮತ್ ಸಾಬರು ಎಳೆದರು, ನಾನು ದಿಕ್ಕು ತೋರಿಸಿದೆ, ಶಾಮಣ್ಣ ಗಡಿಯಾರ ನೋಡಿದ. ಹತ್ತು ಗಂಟೆಗೆ ಕೋಡಿ ಮುಟ್ಟಿದೆವು. ನಕ್ಷೆಯಲ್ಲಿ ಆ ಜಾಗದಲ್ಲಿ ನೀಲಿ ಗೆರೆಯೊಂದು ಸಲೀಸಾಗಿ ಮುಂದೆ ಹರಿಯುತ್ತದೆ. ನಿಜವಾದ ಕೋಡಿಯಲ್ಲಿ ನಾಲ್ಕು ಬೆರಳು ನೀರು, ಅದರ ಕೆಳಗೆ ಕಲ್ಲು. ಕೊಪ್ಪರಿಗೆ ಕಲ್ಲಿನ ಮೇಲೆ ಕುಳಿತುಬಿಟ್ಟಿತು. ಇಳಿದು ನೂಕಿದೆವು, ಎಳೆದೆವು. ಎಲ್ಲೋ 'ಠಣ್' ಎಂದಿತು.

"ಏನದು ಸದ್ದು?" ಎಂದ ಶಾಮಣ್ಣ.

"ಕಲ್ಲು" ಎಂದೆ.

ಕಲ್ಲಲ್ಲ. ತಳದಲ್ಲಿದ್ದ ಹಳೆಯ ತೇಪೆಯೊಂದರ ರಿವೆಟ್ಟು ಕಿತ್ತು ಹೋಗಿ, ನಾಲ್ಕಾಣೆ ಅಗಲದ ತೂತು ಬಿದ್ದಿತ್ತು. ಎತ್ತಿ ನೋಡಿದರೆ ಅದರೊಳಗಿಂದ ಆಕಾಶ ಕಾಣುತ್ತಿತ್ತು. ಮಾವನ ಮುಖ, ಜಯಮ್ಮನ ಮುಖ, ಸೋಮವಾರದ ಒಲೆ ಎಲ್ಲವೂ ಆ ತೂತಿನಲ್ಲೇ ಕಂಡವು.

"ಅರೆ, ಫಿಕರ್ ಯಾಕೆ ಮೇಷ್ಟ್ರೇ? ನಾನಿಲ್ವಾ?" ಎಂದರು ರಹಮತ್ ಸಾಬರು. ತೂತಿನ ಸುತ್ತ ಮರಳು ಕಾಗದದಿಂದ ಉಜ್ಜಿ, ಸಲ್ಯೂಷನ್ ಬಳಿದು, ಊದಿ ಒಣಗಿಸಿ, ಸೈಕಲ್ ಟ್ಯೂಬಿನ ತುಂಡೊಂದನ್ನು ಒಳಗಿನಿಂದ ಅಂಟಿಸಿದರು. "ಬಸ್! ಇನ್ನು ಗಾಳಿಯೂ ಹೋಗಲ್ಲ!" ಕಬ್ಬಿಣಕ್ಕೆ ಪಂಚರ್ ಹಾಕಿದ ಬೇರೆ ಮನುಷ್ಯನನ್ನು ನಾನು ಇದುವರೆಗೆ ಕಂಡಿಲ್ಲ.

ಕೋಡಿಯ ಕೆಳಗಿನ ಕಾಲುವೆಯಲ್ಲಿ ನೀರು ಪಾದ ಮುಚ್ಚುವಷ್ಟಿತ್ತು. ಹೀಗಾಗಿ, ನಮ್ಮನ್ನು ಹೊತ್ತೊಯ್ಯಬೇಕಾಗಿದ್ದ ದೋಣಿಯನ್ನು ನಾವೇ ಹೊರಬೇಕಾಯಿತು. ಕೊಪ್ಪರಿಗೆಯನ್ನು ಬೋರಲು ಮಾಡಿ ಮೂವರ ತಲೆಯ ಮೇಲಿಟ್ಟುಕೊಂಡು ನಡೆದೆವು. ಹತ್ತು ಹೆಜ್ಜೆಗೊಮ್ಮೆ ಇಳಿಸಿ ಉಸ್ಸೆಂದೆವು. ಒಳಗಿದ್ದ ನಮಗೆ ಕಾಣುತ್ತಿದ್ದುದು ನಮ್ಮ ಕಾಲುಗಳು ಮಾತ್ರ. ದಾರಿಯಲ್ಲಿ ರಾಗಿ ಹೊಲದಿಂದ ಅಜ್ಜಿಯೊಬ್ಬರ ಕೂಗು ಕೇಳಿಸಿತು. "ಅಯ್ಯಯ್ಯೋ, ಕೊಪ್ಪರಿಗೆ ಎದ್ದು ನಡೀತಾ ಐತೆ! ಕಾಲು ಆರವೆ!" ಇದಕ್ಕೆ ಒಳಗಿನಿಂದ ಏನೆಂದು ಉತ್ತರ ಕೊಡುವುದು? ಸುಮ್ಮನೆ ನಡೆದೆವು. ಎರಡು ಮೈಲಿಯ ದಾರಿ ಹೊತ್ತು ಮುಳುಗುವವರೆಗೂ ಮುಗಿಯಲಿಲ್ಲ. ಜಕ್ಕೂರು ಕೆರೆಯ ಅಂಚಿನಲ್ಲಿ ಕೊಪ್ಪರಿಗೆಯ ಪಕ್ಕದಲ್ಲೇ ಮಲಗಿದೆವು. ವೇಳಾಪಟ್ಟಿಯ ಪ್ರಕಾರ ನಾವು ಒಂದೂವರೆ ದಿನ ಲೇಟು.

ಭಾನುವಾರ ಬೆಳಿಗ್ಗೆ ಜಕ್ಕೂರು ಕೆರೆ ಕನ್ನಡಿಯಂತೆ ಮಲಗಿತ್ತು. ಕೊಪ್ಪರಿಗೆ ತೇಲಿತು, ಮುಂದಕ್ಕೇ ಹೋಯಿತು! ನೀರುಕೋಳಿಗಳು ದಾರಿ ಬಿಟ್ಟವು. ಪಕ್ಕದ ಏರೋಡ್ರೋಮಿನಿಂದ ಎದ್ದ ಪುಟ್ಟ ವಿಮಾನವೊಂದು ನಮ್ಮ ತಲೆಯ ಮೇಲೆ ಸುತ್ತು ಹಾಕಿತು. ನನಗೆ ಹಿಗ್ಗು ತಡೆಯಲಾಗಲಿಲ್ಲ. ಇವತ್ತು ಮಧ್ಯಾಹ್ನದೊಳಗೆ ಪಿನಾಕಿನಿ, ಸಂಜೆಗೆ ಗಾಡಿ, ನಾಳೆ ಒಲೆಯ ಮೇಲೆ ಕೊಪ್ಪರಿಗೆ, ಮಾವನಿಗೆ ಏನೂ ತಿಳಿಯುವುದಿಲ್ಲ ಎಂದು ಲೆಕ್ಕ ಹಾಕಿದೆ.

"ಗಂಟೆ 9-40. ಕಾಫಿ!" ಎಂದ ಶಾಮಣ್ಣ. ಅವನಿಗೆ ಮೂರು ದಿನದಲ್ಲಿ ಸರಿಯಾದ ಸಮಯಕ್ಕೆ ನಡೆಸಲು ಉಳಿದಿದ್ದು ಅದೊಂದೇ.

"ನೀರಿನ ನಡುವೆ ಒಲೆ ಹಚ್ಚೋದು ಹೇಗೆ?" ಎಂದರು ಸಾಬರು.

"ಇದು ಬೆಂಕಿಯ ಮೇಲೇ ಜೀವ ತೇಯ್ದ ಪಾತ್ರೆ ಸ್ವಾಮಿ! ಇದಕ್ಕೆ ಬೆಂಕಿಯ ಭಯವೇ?" ಎಂದೆ. ಪಂಚರ್ ಹಾಕಿದ ಜಾಗದಲ್ಲಿ ಸ್ವಲ್ಪ ಒದ್ದೆ ಕಾಣುತ್ತಿತ್ತು. ನನಗೆ ಆಗ ಹೊಳೆದದ್ದನ್ನು ಇವತ್ತಿಗೂ ಯಾರಿಗೂ ಸರಿಯಾಗಿ ವಿವರಿಸಲಾರೆ. ಒಲೆಯನ್ನು ಅಲ್ಲೇ ಹೂಡಿದರೆ ಒಂದು ಕಡೆ ಕಾಫಿಯೂ ಆಗುತ್ತದೆ, ಇನ್ನೊಂದು ಕಡೆ ಒದ್ದೆಯೂ ಆರುತ್ತದೆ! ಬಿಡಾರದ ಒಲೆಗೆಂದು ದಡದಿಂದ ಏರಿಸಿಕೊಂಡಿದ್ದ ಮೂರು ಕಲ್ಲನ್ನು ತೇಪೆಯ ಸುತ್ತ ಇಟ್ಟು, ನಡುವೆ ಇದ್ದಿಲು ಹಾಕಿ, ಚೆನ್ನಾಗಿ ಬೀಸಿದೆ.

ಕಾಫಿ ಕುದಿಯುವ ಮೊದಲು ರಬ್ಬರಿನ ವಾಸನೆ ಬಂತು.

"ಮೇಷ್ಟ್ರೇ, ಇದು ಕಾಫಿ ಪುಡಿ ವಾಸ್ನೆ ಅಲ್ಲ" ಎಂದರು ರಹಮತ್ ಸಾಬರು. ಆ ವಾಸನೆಯನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಮರುಕ್ಷಣ 'ಚುಂಯ್' ಎಂದು ಸದ್ದಾಯಿತು. ಒಲೆಯ ನಡುವಿನಿಂದ ನೀರು ಚಿಮ್ಮಿತು. ಬೆಂಕಿ ಆರಿತು, ಕಾಫಿ ಚೆಲ್ಲಿತು. ಮೂವರೂ ಒಟ್ಟಿಗೆ ತೂತು ಮುಚ್ಚಲು ಬಗ್ಗಿದೆವು. ಮೂವರೂ ಒಂದೇ ಕಡೆ ಬಗ್ಗಬಾರದಿತ್ತು. ಕೊಪ್ಪರಿಗೆ ಓರೆಯಾಗಿ, ಒಂದು ಗುಟುಕು ನೀರು ಕುಡಿದು, ನಮ್ಮನ್ನು ಹೊರಗೆ ಚೆಲ್ಲಿ, ಗಂಭೀರವಾಗಿ ತಳ ಸೇರಿತು.

"ಮುಳುಗಿದ್ವೀ! ಕಾಪಾಡ್ರಪ್ಪೋ!" ಎಂದು ಕೈಕಾಲು ಬಡಿದೆ. ಶಾಮಣ್ಣ ಕೆಂಪು ಬಾವುಟವನ್ನು ಆಕಾಶಕ್ಕೆ ಬೀಸಿದ. ವಿಮಾನದವನು ಸಂತೋಷದಿಂದ ಕೈ ಬೀಸಿ ಹೋದ. ನನ್ನ ಬಾಯಿಗೆ ಮೂಗಿಗೆ ನೀರು ನುಗ್ಗಿತು. ಜಯಮ್ಮನಿಗೆ ಇನ್ನು ಗಂಡನೂ ಇಲ್ಲ, ತವರಿಗೆ ಕೊಪ್ಪರಿಗೆಯೂ ಇಲ್ಲ ಎಂದುಕೊಂಡೆ.

ಅಷ್ಟರಲ್ಲಿ ಏರಿಯ ಮೇಲಿನಿಂದ ಪರಿಚಯದ ದನಿಯೊಂದು ಬಂತು.

"ಮೇಷ್ಟ್ರೇ! ಎದ್ದು ನಿಂತ್ಕಳಿ!"

ಎದ್ದು ನಿಂತೆ. ನೀರು ಎದೆಯವರೆಗಿತ್ತು!

ಕಣ್ಣೊರೆಸಿಕೊಂಡು ನೋಡಿದೆ. ಏರಿಯ ಮೇಲೆ ಹೊಂಗೆ ಮರದ ನೆರಳಲ್ಲಿ ಮಾವ ದೊಡ್ಡಮುನಿಯಪ್ಪನವರು ಕುಳಿತಿದ್ದರು. ಒಂದು ಪಕ್ಕದಲ್ಲಿ ಜೋಡಿ ಎತ್ತು, ಸುರುಳಿ ಸುತ್ತಿದ ಹಗ್ಗ. ಇನ್ನೊಂದು ಪಕ್ಕದಲ್ಲಿ ನಮ್ಮ ಮನೆಯ ಹಿತ್ತಾಳೆಯ ಟಿಫನ್ ಕ್ಯಾರಿಯರ್!

"ಮಾವ... ನೀವು... ಯಾವಾಗ ಬಂದ್ರಿ?"

"ಶುಕ್ರವಾರ ಬೆಳಿಗ್ಗೇನೇ ಬಂದೆ. ಜಯ ಏಳಿ ಕಳ್ಸಿದ್ಲು, ಅಗ್ಗ ತಗಂಡು ಬಾ ಅಪ್ಪ ಅಂತ. ಮೊದಲ್ನೇ ದಿನ ಯಲಾಂಕದ ಏರಿ ಮ್ಯಾಲೆ ಕೂತಿದ್ದೆ. ನೀವು ತಿರುಗೋದು ನೋಡಿ ನೋಡಿ ನಂಗೇ ತಲೆ ಸುತ್ತು ಬಂತು. ಎರಡ್ನೇ ದಿನ ನಿಮ್ಮ ಇಂದೆ ಇಂದೇ ನಡ್ಕಂಡು ಬಂದೆ. ನೀವು ಒಳಗಿದ್ರಲ್ಲ, ಕಾಣ್ಲಿಲ್ಲ."

"ಮತ್ತೆ ತಡೀಬಾರದಿತ್ತಾ ಮಾವ?"

"ಮೂರು ದಿನಕ್ಕೆ ಅಂತ ಕೊಟ್ಟಿವ್ನಲ್ಲ! ಕೊಟ್ಟ ಮ್ಯಾಲೆ ನಡುವೆ ಕಿತ್ಕಳಕ್ಕಾಯ್ತದಾ? ಇವತ್ತು ಮೂರ್ನೇ ದಿನ. ಈಗ ತಗಂಡೋಗಕ್ಕೆ ಬಂದಿವ್ನಿ."

ಆ ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಚೆನ್ನಾಗಿತ್ತು. ನನಗೆ ನಾಚಿಕೆಯಿಂದ ಮತ್ತೆ ನೀರಿನೊಳಗೇ ಕುಳಿತುಬಿಡೋಣವೆನಿಸಿತು. "ಮಾವ, ನಾನು ಸುಳ್ಳು ಹೇಳಿದೆ. ಪಾಯಸ ಗೀಯಸ ಏನೂ ಇರಲಿಲ್ಲ" ಎಂದೆ.

"ರಜಾದಾಗೆ ಮಕ್ಕಳು ಬರಾಕಿಲ್ಲ ಅಂತ ನಂಗೊತ್ತಿಲ್ವಾ ಮೇಷ್ಟ್ರೇ? ಅದಿರ್ಲಿ, ಇಡೀರಿ ಅಗ್ಗ. ಬಳೆಗೆ ಕಟ್ಟಿ."

ಕೊಪ್ಪರಿಗೆಯ ಅಂಚಿಗೆ ಎತ್ತಿ ಹಿಡಿಯಲು ಕಬ್ಬಿಣದ ಬಳೆಗಳಿರುತ್ತವೆ. ಅವು ನೀರಿನಡಿಯಲ್ಲಿದ್ದವು. ಕಟ್ಟಬೇಕಾದರೆ ತಲೆ ಮುಳುಗಬೇಕು. ರಹಮತ್ ಸಾಬರು ತಾವು ಇಳಿಯುತ್ತೇನೆಂದರು. ಬೇಡವೆಂದೆ. ಮುಳುಗಿಸಿದವನು ನಾನು. ಮೂಗು ಹಿಡಿದು ಮುಳುಗಿದೆ, ಕೆಸರು ಸಿಕ್ಕಿತು. ಮತ್ತೆ ಮುಳುಗಿದೆ, ಶಾಮಣ್ಣನ ಕಾಲು ಸಿಕ್ಕಿತು. ನಾಲ್ಕನೆಯ ಸಲ ಬಳೆ ಸಿಕ್ಕಿತು. ಶ್ವಾಸ ಕಟ್ಟಿಕೊಂಡು, ಕಣ್ಣು ಬಿಡದೆ, ಮೂರು ಗಂಟು ಹಾಕಿ ಮೇಲೆದ್ದೆ. ಎತ್ತುಗಳು ಏರಿಯ ಆಚೆ ಬದಿಗೆ ಇಳಿಯುತ್ತಾ ಎಳೆದವು. ಗಂಟು ನಿಂತಿತು. ಕೊಪ್ಪರಿಗೆ ಕೆಸರು ಸುರಿಸುತ್ತಾ ಮೇಲೆ ಬಂತು. ಮಾವ ಮೊದಲು ಗಂಟನ್ನು ಮುಟ್ಟಿ ನೋಡಿದರು, ಆಮೇಲೆ ತೂತನ್ನು. ತೂತಿನ ಅಂಚಿನಲ್ಲಿ ಕಪ್ಪಗೆ ಏನೋ ಅಂಟಿತ್ತು.

"ಇದೇನಿದು?"

"ಪಂಚರ್ ಹಾಕಿದ್ವಿ ಗೌಡ್ರೇ" ಎಂದರು ರಹಮತ್ ಸಾಬರು, ಬಹಳ ವಿನಯದಿಂದ.

ಮಾವ ಆಕಾಶದ ಕಡೆ ನೋಡಿದರು. ಅವರ ಭುಜ ಕುಲುಕುತ್ತಿದ್ದುದು ಮಾತ್ರ ನನಗೆ ಕಾಣಿಸಿತು.

ಅಂದು ಸಂಜೆ ಕೊಡಿಗೇಹಳ್ಳಿಯ ಕಮ್ಮಾರ ಹೊಸ ರಿವೆಟ್ಟು ಹೊಡೆದ. ಸೋಮವಾರ ಬೆಳಿಗ್ಗೆ ಕೊಪ್ಪರಿಗೆ ಒಲೆಯ ಮೇಲಿತ್ತು. ಗಾಣದ ಪೂಜೆಗೆ ಊರೆಲ್ಲ ಸೇರಿತ್ತು. ಹೋಗಲಾರೆ ಎಂದೆ. ಜಯಮ್ಮ ಬಿಡಲಿಲ್ಲ. ಕಂಬದ ಹಿಂದೆ ನಿಂತುಕೊಂಡಿದ್ದೆ. ಕಬ್ಬಿನ ಹಾಲು ಕುದಿಯಿತು, ನೊರೆ ಎದ್ದಿತು. ಮಾವ ಅಲ್ಲಿಂದಲೇ ಕೈ ಮಾಡಿ ಕರೆದರು. ಹೋದೆ. ನನ್ನ ಭುಜದ ಮೇಲೆ ಕೈಯಿಟ್ಟು ಊರವರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು.

"ಇವ್ರೇ ಕಣ್ರಪ್ಪಾ ನಮ್ಮ ಅಳಿಯಂದ್ರು!"

ಹನ್ನೊಂದು ವರ್ಷ ಕಾದ ಮಾತು. ಜಯಮ್ಮನ ಕಡೆ ನೋಡಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ನಮ್ಮ ಕೊಪ್ಪರಿಗೇಲಿ ಪಿನಾಕಿನಿಗೆ ಒಂಟಿದ್ದೋರು!" ಎಂದು ಮಾವ ಮಾತು ಪೂರ್ತಿ ಮಾಡಿದರು.

ಊರು ಗೊಳ್ಳೆಂದು ನಕ್ಕಿತು. ಜಯಮ್ಮನೂ ನಕ್ಕಳು. ಸೆರಗು ಒತ್ತಿಕೊಂಡಿದ್ದುದು ಅದಕ್ಕೇ ಎಂದು ಆಗ ತಿಳಿಯಿತು. ಮಾವ ಬೆಲ್ಲದ ಪಾಕ ತಿರುವುವ ಉದ್ದನೆಯ ಮರದ ಕೋಲನ್ನು ನನ್ನ ಕೈಗೆ ಕೊಟ್ಟರು. ಮನೆಯ ಅಳಿಯನಿಗಲ್ಲದೆ ಬೇರೆಯವರಿಗೆ ಅದನ್ನು ಅವರು ಕೊಟ್ಟವರಲ್ಲ.

"ತಗಳಿ ಅಳಿಯಂದ್ರೇ. ನಿಂತ ಜಾಗದಾಗೇ ತಿರುಗ್ಸೋದು ನಿಮ್ಗೆ ಚೆಂದಾಗಿ ಅಭ್ಯಾಸ ಆಗೈತೆ."

ತಿರುಗಿಸಿದೆ. ಮಧ್ಯಾಹ್ನದವರೆಗೂ ತಿರುಗಿಸಿದೆ. ಬೆಲ್ಲ ಒಳ್ಳೆಯ ಹದಕ್ಕೆ ಬಂದಿದೆಯೆಂದು ಎಲ್ಲರೂ ಹೊಗಳಿದರು. ಸ್ವಲ್ಪ ರಬ್ಬರಿನ ವಾಸನೆ ಇದೆಯೆಂದು ಜಯಮ್ಮ ಮಾತ್ರ ಈಗಲೂ ಹೇಳುತ್ತಾಳೆ.